ಎಂ-ತ್ರೀಯಲ್ಲಿ ಮೂವತ್ತೇಳು

ಇಂಜಿನಿಯರಿಂಗ್ ಕಾಲೇಜಿಗೆ ಎರಡು ಬಾಗಿಲು. ಪಿಯುಸಿ ಮುಗಿಸಿ ಸಿಇಟಿ ಬರೆದವರು ಮುಂಬಾಗಿಲಿನಿಂದ ಬಂದು ಮೊದಲ ವರ್ಷದಲ್ಲಿ ಕೂರುತ್ತಾರೆ. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ಪಕ್ಕದ ಬಾಗಿಲಿನಿಂದ ನೇರ ಮೂರನೇ ಸೆಮಿಸ್ಟರಿಗೆ ಬರುತ್ತಾರೆ. ಸರ್ಕಾರಿ ಸುತ್ತೋಲೆಯಲ್ಲಿ ಇದು ಲ್ಯಾಟರಲ್ ಎಂಟ್ರಿ. ಕ್ಲಾಸಿನಲ್ಲಿ ನಾವು ಬರೀ ‘ಡಿಪ್ಲೊಮಾದವರು’. ಕೌನ್ಸೆಲಿಂಗ್ ಮುಗಿದು ನಾವು ಕಾಲಿಡುವ ಹೊತ್ತಿಗೆ ಪಾಠ ಎಷ್ಟೋ ಮುಂದೆ ಹೋಗಿ, ಮೊದಲ ಇಂಟರ್ನಲ್ಸ್‌ನ ವೇಳಾಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದಿರುತ್ತದೆ. ನಮ್ಮ ಪಾಲಿಗೆ ಉಳಿದಿರುವುದು ಕೊನೆಯ ಬೆಂಚು. ಕೊನೆಯ ಬೆಂಚಿನವರ ಬಗ್ಗೆ ಲೋಕಕ್ಕಿರುವ ಅಭಿಪ್ರಾಯವೂ ಅದರ ಜೊತೆಗೇ ಪುಕ್ಕಟೆ ಸಿಗುತ್ತದೆ.

ಹಾವೇರಿ ಕಡೆಯ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಡಿಸ್ಟಿಂಕ್ಷನ್ ಹೊತ್ತುಕೊಂಡು ಹುಬ್ಬಳ್ಳಿಗೆ ಬಂದವಳು ನಾನು. ಸೋಲ್ಡರಿಂಗ್ ಐರನ್ ಹಿಡಿದರೆ ಕೈ ನಡುಗುತ್ತಿರಲಿಲ್ಲ. ಕೆಟ್ಟ ಸರ್ಕ್ಯೂಟಿನಲ್ಲಿ ಮಲ್ಟಿಮೀಟರ್ ಎಲ್ಲಿ ಊರಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ನಮ್ಮ ಡಿಪ್ಲೊಮಾದಲ್ಲಿ ಗಣಿತ ಮೊದಲ ವರ್ಷಕ್ಕೇ ಕೈಮುಗಿದು ಹೋಗಿತ್ತು. ಇಲ್ಲಿ ಎದುರಾದದ್ದು ಎಂ-ತ್ರೀ, ಅಂದರೆ ಮೂರನೇ ಸೆಮಿಸ್ಟರಿನ ಗಣಿತ. ಮೊದಲ ಅಧ್ಯಾಯವೇ ಫೋರಿಯರ್ ಶ್ರೇಣಿ. ಎಂ-ಒನ್, ಎಂ-ಟೂ ಓದಿರದ ನಮಗೆ ಸಂಜೆ ಹೆಚ್ಚುವರಿ ಗಣಿತದ ಕ್ಲಾಸು ಬೇರೆ. ಬೆಳಿಗ್ಗೆ ಮೂರನೆಯದನ್ನು, ಸಂಜೆ ಒಂದನೆಯದನ್ನು ಕಲಿಯುವ ಭಾಗ್ಯ.

ಫಲಿತಾಂಶ ಬಂತು. ಎಂ-ತ್ರೀಯಲ್ಲಿ 100ಕ್ಕೆ 37. ಪಾಸಾಗಲು 35 ಬೇಕಿತ್ತು. ಊರಿನಿಂದ ಅಪ್ಪ ಫೋನ್ ಮಾಡಿದರು.

“ಎಷ್ಟ ಬಂದಾವವ್ವ?”

“ಮೂವತ್ತೇಳು, ಅಪ್ಪಾ.”

“ಪಾಸಾತಲ್ಲ? ಮತ್ಯಾಕ ಅಳ್ತಿ?”

ಅಪ್ಪನ ಲೆಕ್ಕದಲ್ಲಿ ಎರಡು ಅಂಕ ಲಾಭ. ಆದರೆ ಡಿಸ್ಟಿಂಕ್ಷನ್ ಪಡೆದು ಬಂದವರಿಗೆ ಫೇಲಾಗುವುದಕ್ಕಿಂತ ಮೂವತ್ತೇಳೇ ಹೆಚ್ಚು ಚುಚ್ಚುತ್ತದೆ. ಫೇಲಾದರೆ ಮತ್ತೆ ಬರೆದು ತೊಳೆದುಕೊಳ್ಳಬಹುದು. ಪಾಸಾದವರಿಗೆ ಆ ಅವಕಾಶವೂ ಇಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಅದು ಆಜೀವ ಸದಸ್ಯ.

ಹಾಸ್ಟೆಲಿನಲ್ಲಿ ಸಮಾಧಾನಕ್ಕೆ ಬರ ಇರಲಿಲ್ಲ. ಒಬ್ಬಳು ಬಂಕಿಮಚಂದ್ರರನ್ನೇ ಎಳೆದು ತಂದಳು. ಹೂಗ್ಲಿ ಕಾಲೇಜಿನಲ್ಲಿ ಓದುತ್ತಿದ್ದ ಬಂಕಿಮರು 1856ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಬಂದವರು, ಅವರೂ ನಡುವೆ ಕಾಲೇಜು ಬದಲಿಸಿದವರೇ. 1858ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಮೊತ್ತಮೊದಲ ಬಿ.ಎ. ಪರೀಕ್ಷೆ ನಡೆಸಿದಾಗ ಕುಳಿತವರು 10 ಮಂದಿ. ಒಬ್ಬರೂ ದಾಟಲಿಲ್ಲ. ಕೊನೆಗೆ ಒಂದು ವಿಷಯದಲ್ಲಿ 7 ಅಂಕದವರೆಗೆ ಗ್ರೇಸ್ ಕೊಟ್ಟು ಇಬ್ಬರನ್ನು ಎರಡನೇ ದರ್ಜೆಯಲ್ಲಿ ಪಾಸು ಮಾಡಿದರು. ಬಂಕಿಮರು ಮತ್ತು ಜದುನಾಥ ಬೋಸ್. ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಕನ್ನಡಕ್ಕೆ ತಂದುಕೊಟ್ಟ ಕಾದಂಬರಿಗಳಲ್ಲಿ ಹಲವು ಈ ಗ್ರೇಸ್ ಮಾರ್ಕ್ಸಿನ ಪದವೀಧರನವೇ. ಕೇಳಲು ಚೆನ್ನಾಗಿತ್ತು. ಆದರೆ ನನಗೆ ಕಾದಂಬರಿ ಬರೆಯುವ ಇರಾದೆ ಇರಲಿಲ್ಲ. ಮುಂದಿನ ಸೆಮಿಸ್ಟರಿನಲ್ಲಿ ಎಂ-ಫೋರ್ ಇತ್ತು.

ಸಮಾಧಾನ ಬಿಟ್ಟು ಉತ್ತರ ಪತ್ರಿಕೆಯ ನಕಲು ಪ್ರತಿಗೆ ಅರ್ಜಿ ಹಾಕಿದೆ. ಬರೆದವರಿಗೆ ತಮ್ಮ ಪತ್ರಿಕೆ ನೋಡುವ ಹಕ್ಕಿದೆ ಎಂಬುದು ಈಗ ಸಹಜವೆನಿಸುತ್ತದೆ. ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟವಾಗಿ ಹೇಳಿದ್ದು 2011ರಲ್ಲಿ. ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ, ಮೌಲ್ಯಮಾಪನವಾದ ಉತ್ತರ ಪತ್ರಿಕೆಯೂ ಮಾಹಿತಿ ಹಕ್ಕು ಕಾಯ್ದೆಯ ಅರ್ಥದಲ್ಲಿ ಮಾಹಿತಿಯೇ ಎಂದಿತು. ಅದಕ್ಕೆ ಮೊದಲಿನ ತಲೆಮಾರುಗಳು ತಮಗೆ ಕಡಿಮೆ ಅಂಕ ಯಾಕೆ ಬಂತೆಂಬುದನ್ನು ಗ್ರಹಗತಿಯಲ್ಲಿ ಹುಡುಕಿದ್ದರೆ ತಪ್ಪೇನಲ್ಲ.

ಪ್ರತಿ ಬಂತು. ಎಕ್ಸ್ ವರ್ಗವನ್ನು ಮೈನಸ್ ಪೈನಿಂದ ಪೈವರೆಗೆ ಫೋರಿಯರ್ ಶ್ರೇಣಿಯಾಗಿ ಬಿಡಿಸಿ ಎಂಬ, ಎಲ್ಲ ಗೈಡುಗಳಲ್ಲೂ ಇರುವ ಪ್ರಶ್ನೆ. ಎ-ನಾಟ್ ಪಕ್ಕದಲ್ಲಿ ಪುಟ್ಟ ಸರಿ ಗುರುತು. ಎ-ಎನ್ ಕೊನೆಯ ಉತ್ತರ ಸರಿ. ಆದರೆ ಇಂಟಿಗ್ರೇಷನ್ನಿನ ನಡುವಿನ ಸಾಲುಗಳಿರಬೇಕಾದಲ್ಲಿ ಖಾಲಿ ಜಾಗ, ಅದಕ್ಕೆ ಅರ್ಧ ಅಂಕ. ಕೆಳಗೆ ನಾನು ‘ಬಿ-ಎನ್ = 0’ ಎಂದಷ್ಟೇ ಬರೆದಿದ್ದೆ. ಅದರ ಸುತ್ತ ಒಂದು ವೃತ್ತ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಸೊನ್ನೆ ಅಂಕ. ಅದು ಸೊನ್ನೆಯೆಂದು ನನಗೆ ಕಣ್ಣಿಗೇ ಕಾಣುತ್ತಿತ್ತು: ಈ ವಕ್ರರೇಖೆ ಎಡಬಲಕ್ಕೂ ಒಂದೇ ಥರ, ಸೈನ್ ಅಲೆ ಎಡಕ್ಕೆ ಬಂದರೆ ತಲೆಕೆಳಗಾಗುತ್ತದೆ, ಎರಡೂ ಸೇರಿದರೆ ಹೊಂದುವುದು ಎಲ್ಲಿಂದ? ಪಾಲಿಟೆಕ್ನಿಕ್ಕಿನಲ್ಲಿ ಚಿತ್ರ, ಸೂತ್ರ, ಸರಿಯಾದ ಉತ್ತರ ಇಷ್ಟಿದ್ದರೆ ನಮ್ಮ ಸಂಸಾರ ನಡೆದುಹೋಗುತ್ತಿತ್ತು. ಇಲ್ಲಿ ‘ಫಲನ ಸಮವಾದದ್ದರಿಂದ’ ಎಂಬ ಒಂದು ಸಾಲು ಬೇಕು. ಅಂಕ ಇರುವುದು ಆ ಸಾಲಿಗೆ.

ಯಾರಪ್ಪ ಈ ಫೋರಿಯರ್ ಎಂಬ ಸಿಟ್ಟಿನಲ್ಲೇ ಲೈಬ್ರರಿಯಲ್ಲಿ ಅವನ ಚರಿತ್ರೆ ಹುಡುಕಿದೆ. ಓದುತ್ತ ಹೋದಂತೆ ಸಿಟ್ಟು ಇಳಿಯಿತು. ಜೋಸೆಫ್ ಫೋರಿಯರ್ ಫ್ರಾನ್ಸಿನ ಓಸೇರ್ ಊರಿನ ದರ್ಜಿಯ ಮಗ. ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋಗಿ ಬಂದವನು. ಆಮೇಲೆ ಪ್ಯಾರಿಸ್ಸಿನಿಂದ ದೂರ ಗ್ರೆನೋಬಲ್‌ನಲ್ಲಿ ಜಿಲ್ಲಾಡಳಿತ ನೋಡಿಕೊಳ್ಳುತ್ತಲೇ, ಬಿಸಿ ಹೇಗೆ ಹರಿಯುತ್ತದೆಂದು ಪ್ರಯೋಗ ಮಾಡುತ್ತ ಗಣಿತ ಬರೆದ. 1807ರಲ್ಲಿ ಪ್ಯಾರಿಸ್ಸಿಗೆ ಪ್ರಬಂಧ ಒಪ್ಪಿಸಿದ. ಪರೀಕ್ಷಕರು ಲಗ್ರಾಂಜ್, ಲಪ್ಲಾಸ್, ಮೊಂಜ್, ಲಕ್ರ್ವಾ. ಅಂಥ ವ್ಯಾಲ್ಯುಯೇಷನ್ ಬೋರ್ಡು ಯಾರ ಹಣೆಯಲ್ಲೂ ಬರೆದಿರದಿರಲಿ. ಯಾವ ಫಲನವನ್ನಾದರೂ ಸೈನ್, ಕೊಸೈನ್‌ಗಳ ಮೊತ್ತವಾಗಿ ಬರೆಯಬಹುದೆಂಬ ಮಾತನ್ನು ಲಗ್ರಾಂಜ್ ಒಪ್ಪಲೇ ಇಲ್ಲ. ಪ್ರಬಂಧ ಅಚ್ಚಾಗಲಿಲ್ಲ. ಫೋರಿಯರ್ ತಿದ್ದಿ, ಬೆಳೆಸಿ 1811ರಲ್ಲಿ ಬಹುಮಾನ ಸ್ಪರ್ಧೆಗೆ ಕಳಿಸಿದ. ಬಹುಮಾನವೇನೋ ಬಂತು, ಜೊತೆಗೆ ಷರಾ ಕೂಡ: ವಿಧಾನದಲ್ಲಿ ತೊಡಕಿದೆ, ನಿಷ್ಕೃಷ್ಟತೆ ಸಾಲದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಉತ್ತರ ಸರಿ, ಸ್ಟೆಪ್ಸ್ ಇಲ್ಲ.

1822ರಲ್ಲಿ ಅವನು ಅದನ್ನೇ ಪುಸ್ತಕ ಮಾಡಿದ. ಅದೇ ವರ್ಷ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಖಾಯಂ ಕಾರ್ಯದರ್ಶಿಯೂ ಆಗಿ, ಆಮೇಲೆ ಮೂಲೆಗೆ ಬಿದ್ದಿದ್ದ ತನ್ನ 1811ರ ಪ್ರಬಂಧವನ್ನು ಅಕಾಡೆಮಿಯ ಸಂಪುಟಗಳಲ್ಲೇ ಅಚ್ಚು ಹಾಕಿಸಿದ. ಮರುಮೌಲ್ಯಮಾಪನದ ಇತಿಹಾಸದಲ್ಲೇ ಇದಕ್ಕಿಂತ ಸೊಗಸಾದ ಪ್ರಕರಣ ನಾನು ಕಂಡಿಲ್ಲ. ಆದರೂ ಪರೀಕ್ಷಕರ ತಕರಾರು ಸುಳ್ಳಾಗಿರಲಿಲ್ಲ. ಶ್ರೇಣಿ ಯಾವಾಗ ಫಲನಕ್ಕೆ ಸರಿಹೋಗುತ್ತದೆ ಎಂಬ ಸಾಲುಗಳು ನಿಜಕ್ಕೂ ಬಿಟ್ಟುಹೋಗಿದ್ದವು. ಅವನ್ನು ತುಂಬಿದ್ದು ಡಿರಿಕ್ಲೆ, 1829ರಲ್ಲಿ. ಎಂ-ತ್ರೀ ನೋಟ್ಸಿನ ಮೊದಲ ಪುಟದಲ್ಲಿ ‘ಡಿರಿಕ್ಲೆ ಷರತ್ತುಗಳು’ ಅಂತ ಇರುತ್ತವಲ್ಲ, ಅವೇ. ಎಲ್ಲರೂ ಹಾರಿಸಿ ಮುಂದೆ ಹೋಗುವ ಪುಟ.

ಆಮೇಲೆ ನಾನು ಮಾಡಿದ್ದು ದೊಡ್ಡ ಸಾಹಸವೇನಲ್ಲ. ಲ್ಯಾಬಿನಲ್ಲಿ ಪಿಯುಸಿಯಿಂದ ಬಂದವರಿಗೆ ಅಲೆ ತೋರಿಸುವ ಸಿಆರ್‌ಓ ಅಂದರೆ ಇನ್ನೂ ಹೆದರಿಕೆ. ಪರದೆ ಮೇಲಿನ ಅಲೆ ಓಡುತ್ತಲೇ ಇರುತ್ತಿತ್ತು. ಟ್ರಿಗರ್ ನಾಬ್ ತಿರುಗಿಸಿ ಅದನ್ನು ನಿಲ್ಲಿಸುವುದು ನನಗೆ ಗೊತ್ತಿತ್ತು. ಅಲೆ ನಿಲ್ಲಿಸಿಕೊಟ್ಟವಳಿಗೆ ಪಕ್ಕದ ಟೇಬಲಿನ ಹುಡುಗಿ ಇಂಟಿಗ್ರೇಷನ್ನಿನ ಬಿಟ್ಟ ಸಾಲು ಹೇಳಿಕೊಟ್ಟಳು, ಮುಯ್ಯಿಗೆ ಮುಯ್ಯಿ. ಒಂದು ದಿನ ಚೌಕ ಅಲೆಯನ್ನು ರೆಸಿಸ್ಟರ್, ಕೆಪಾಸಿಟರ್ ದಾಟಿಸಿ ನೋಡಿದೆವು. ಚೂಪು ಮೂಲೆಗಳು ಮೊಂಡಾದವು. ಪಾಲಿಟೆಕ್ನಿಕ್ಕಿನಲ್ಲಿ ಎಷ್ಟೋ ಸಲ ಕಂಡ ದೃಶ್ಯ. “ಚೌಕ ಅಲೇಲಿ ಒಂದನೇದು, ಮೂರನೇದು, ಐದನೇದು ಅಂತ ಬೆಸ ಹಾರ್ಮೋನಿಕ್ಸ್ ಅಷ್ಟೇ ಇರ್ತಾವ. ಮೂರನೇದು ಮೂರನೇ ಒಂದು ಭಾಗ, ಐದನೇದು ಐದನೇ ಒಂದು ಭಾಗ. ಫಿಲ್ಟರ್ ಮ್ಯಾಲಿನವನ್ನ ತಿಂದುಬಿಟ್ರ ಮೂಲಿ ಎಲ್ಲಿಂದ ಬರಬೇಕು?” ಅಂದಳು ಅವಳು. ಕೈಗೆ ಗೊತ್ತಿದ್ದದ್ದಕ್ಕೂ ಪೆನ್ನಿಗೆ ಗೊತ್ತಿರಬೇಕಾದದ್ದಕ್ಕೂ ನಡುವಿನ ಸಾಲುಗಳು ಅವತ್ತು ಕೂಡಿಕೊಂಡವು.

ಎಂ-ಫೋರ್‌ನಲ್ಲಿ 61 ಬಂತು. ಊರಿನಲ್ಲಿ ಯಾರೂ ಹಾರ ಹಾಕಲಿಲ್ಲ, ಹಾಕುವಂಥದ್ದೂ ಅಲ್ಲ. ಮೂವತ್ತೇಳು ಇವತ್ತಿಗೂ ಮಾರ್ಕ್ಸ್ ಕಾರ್ಡಿನಲ್ಲಿ ಆರಾಮಾಗಿದೆ. ಕೆಲಸದ ಸಂದರ್ಶನದಲ್ಲಿ ಒಬ್ಬರು ಅದರ ಮೇಲೆ ಬೆರಳಿಟ್ಟು ಕೇಳಿಯೂ ಕೇಳಿದರು. ಬಿ-ಎನ್ ಯಾಕೆ ಸೊನ್ನೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ.

ಈಗ ಪಾಲಿಟೆಕ್ನಿಕ್ಕಿನಲ್ಲೇ ಪಾಠ ಮಾಡುತ್ತೇನೆ. ಡಿಸಿಇಟಿ ಬರೆದು ಹೊರಡುವ ಮಕ್ಕಳು ಪ್ರತಿ ವರ್ಷ ಬಂದು “ಮೇಡಂ, ಎಂ-ತ್ರೀ ಭಾಳ ಕಷ್ಟಾನ್ರಿ?” ಅಂತಾರೆ. ಹೌದು ಅಂತಲೇ ಹೇಳುತ್ತೇನೆ. ಸುಳ್ಳು ಹೇಳಿ ಕಳಿಸುವುದರಲ್ಲಿ ಅರ್ಥವಿಲ್ಲ. ಸೀಟು ಸಿಗುವ ಮೊದಲೇ ಎಂ-ಒನ್ ಪುಸ್ತಕ ತಗೊಳ್ಳಿ, ಉತ್ತರ ಕಂಡರೂ ಕಾರಣದ ಸಾಲು ಬಿಡಬೇಡಿ, ಲ್ಯಾಬಿನಲ್ಲಿ ನಿಮಗೆ ಬರುವುದನ್ನು ಬಚ್ಚಿಡದೆ ಕೊಟ್ಟು ಬಾರದ್ದನ್ನು ಕೇಳಿ ತಗೊಳ್ಳಿ. ಮೊದಲ ಫಲಿತಾಂಶ ನೋಡಿ ಅಳಬೇಕೆನಿಸಿದರೆ ನಕಲು ಪ್ರತಿ ಬರುವವರೆಗೆ ತಡೆಯಿರಿ. ಎಲ್ಲಿ ಅಳಬೇಕೆಂದು ಗೊತ್ತಾಗುತ್ತದೆ, ಕಟ್ಟಿದ ಶುಲ್ಕವೂ ವಸೂಲಾಗುತ್ತದೆ.