ಜೊತೆಯ ಬೆಳಕು

ಕಳೆದ ವೈಶಾಖದಲ್ಲಿ ನನ್ನ ಕಿರಿಯ ಮಗಳ ವಿವಾಹವಾಯಿತು. ರಾತ್ರಿ ವಧೂವರರಿಗೆ ಸಪ್ತರ್ಷಿಮಂಡಲದ ವಸಿಷ್ಠನನ್ನೂ ಮಗ್ಗುಲಿನ ಅರುಂಧತಿಯನ್ನೂ ತೋರಿಸಿದೆನು. ಅಲ್ಲಿಯೇ ನಿಂತಿದ್ದ ನನ್ನ ಹಳೆಯ ಶಿಷ್ಯನು, ಈಗ ಭೌತಶಾಸ್ತ್ರದ ಉಪಾಧ್ಯಾಯನು, "ದೂರದರ್ಶಕದಲ್ಲಿ ವಸಿಷ್ಠನೊಬ್ಬನೇ ಇಬ್ಬರಾಗಿ ಕಾಣುತ್ತಾನೆ, ಗುರುಗಳೇ" ಎಂದನು.

ಇಂಥ ಜೋಡಿನಕ್ಷತ್ರಗಳು ಹೇರಳವಾಗಿವೆಯಂತೆ. ಅನ್ಯಸೂರ್ಯರ ಗ್ರಹಗಳನ್ನು ಅರಸುವವರಿಗೆ ಇವುಗಳಿಂದ ತೊಡಕುಂಟು. ಗ್ರಹವು ತನ್ನ ನಕ್ಷತ್ರದ ಮುಂದೆ ಹಾದಾಗ ಬೆಳಕು ಕಿಂಚಿತ್ ಕುಂದುತ್ತದೆ. ಆ ಕುಂದಿನಿಂದಲೇ ಗ್ರಹದ ಗಾತ್ರವನ್ನು ಗಣಿಸುವರು. ಮಗ್ಗುಲಲ್ಲಿ ಸಮಾನಪ್ರಭೆಯ ನಕ್ಷತ್ರವೊಂದು ಅಡಗಿದ್ದು ಅದರ ಬೆಳಕೂ ಬೆರೆತರೆ, ನೂರಕ್ಕೆ 2ರಷ್ಟಿರಬೇಕಾದ ಕುಂದು 1ರಷ್ಟೇ ತೋರುವುದು. ಆಗ ಗ್ರಹದ ನಿಜವಾದ ವ್ಯಾಸವು ಗಣಿಸಿದ್ದಕ್ಕಿಂತ ಸುಮಾರು 1.4 ಪಟ್ಟು ದೊಡ್ಡದಾಗಿರುತ್ತದೆ. ಆದಕಾರಣ 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕವು ಸೂಚಿಸಿದ ನಕ್ಷತ್ರಗಳನ್ನು, ಜೊತೆಗಾರರುಂಟೇ ಎಂದು ಭೂಮಿಯಿಂದ ಮರಳಿ ಪರೀಕ್ಷಿಸಬೇಕಾಯಿತು.

ಇದನ್ನು ಕೇಳುತ್ತಿದ್ದಂತೆ ನನ್ನ ತಲೆ ತಗ್ಗಿತು. ಈ ಶಿಷ್ಯನ ಅಣ್ಣನೂ ನನ್ನಲ್ಲಿಯೇ ಓದಿದವನು; ಶ್ಲೋಕವನ್ನು ಒಮ್ಮೆ ಕೇಳಿದರೆ ಒಪ್ಪಿಸುತ್ತಿದ್ದನು. ಆ ಪ್ರಭೆಯಲ್ಲಿ ತಮ್ಮನನ್ನು ಅಳೆದು, "ಇವನು ಮಂದ" ಎಂದು ತಂದೆಯ ಎದುರಿಗೇ ಅಂದುಬಿಟ್ಟಿದ್ದೆನು. ಆ ರಾತ್ರಿ ತಪ್ಪನ್ನು ಒಪ್ಪಿಕೊಂಡೆನು.

"ಅದೆಲ್ಲ ಮರೆತಿದ್ದೇನೆ, ಗುರುಗಳೇ" ಎಂದನು. ಮರೆತಿಲ್ಲವೆಂದು ಅವನ ಧ್ವನಿಯೇ ಹೇಳಿತು.

ಖಗೋಳಜ್ಞರು ತಮ್ಮ ಲೆಕ್ಕವನ್ನು ತಿದ್ದಿಕೊಳ್ಳುತ್ತಾರೆ, ಗ್ರಹಕ್ಕೆ ನೋವಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳಿರುವ ವಾಚಕರು ಮಾತ್ರ, ಒಬ್ಬರನ್ನು ಅಳೆಯುವಾಗ ಇನ್ನೊಬ್ಬರ ಬೆಳಕನ್ನು ಮೊದಲು ಕಳೆಯಬೇಕು.