ವಚನ ಗಾಯನಕ್ಕೊಂದು ಚಿಕ್ಕ ಗಿಟಾರ್

ನಮ್ಮ ಮನೆಯ ಪಡಸಾಲೆಯಲ್ಲಿ ಗಿಟಾರ್ ಇರುವುದನ್ನು ಕಂಡು ಹುಬ್ಬೇರಿಸುವ ಬಂಧುಗಳು ಈಗಲೂ ಇದ್ದಾರೆ. ಮೊಮ್ಮಗಳಿಗೆ ಅದನ್ನು ಆರಿಸಿ ಕೊಡಿಸಿದವನು ನಾನೇ ಆದುದರಿಂದ, ಆ ಆಯ್ಕೆಯ ವಿಚಾರವನ್ನು ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದು ಯುಕ್ತವೆಂದು ಭಾವಿಸಿದ್ದೇನೆ.

ಹುಡುಗಿ ಚಳ್ಳಕೆರೆಯಲ್ಲಿ ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದಾಳೆ. ಇಲ್ಲಿಯೂ ಮೊಳಕಾಲ್ಮೂರು ಸೀಮೆಯಲ್ಲಿಯೂ ನಡೆಯುವ ಶರಣರ ಜಯಂತಿಗಳಲ್ಲಿ ಚಿಕ್ಕಂದಿನಿಂದ ವಚನ ಹಾಡುತ್ತ ಬಂದವಳು. ಅವಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು ಪಾರ್ಶ್ವವಾಯುವಿನಿಂದ ಬಲಗೈಯ ಸ್ವಾಧೀನ ಕಳೆದುಕೊಂಡರು. ಬೇರೆ ಸಾಥಿದಾರರು ಸಿಗಲಿಲ್ಲ. ಐದು ತಿಂಗಳ ಕಾಲ ಅವಳು ವೇದಿಕೆ ಹತ್ತಲಿಲ್ಲ. ಹದಿನೇಳರಲ್ಲಿ ಸುಮ್ಮನಾದ ಕೊರಳು ಮುಂದೆ ಮದುವೆ, ಮಕ್ಕಳ ನಡುವೆ ಮತ್ತೆ ತೆರೆಯುವುದು ಅಪರೂಪವೆಂಬುದನ್ನು ನಮ್ಮ ಮನೆಯ ಹೆಣ್ಣುಮಕ್ಕಳಲ್ಲಿಯೇ ಕಂಡಿದ್ದೇನೆ. ತಾನೇ ನುಡಿಸಿಕೊಂಡು ಹಾಡುವುದೊಂದೇ ದಾರಿಯಾಗಿತ್ತು. ಅಷ್ಟರಲ್ಲಾಗಲೇ ಗೆಳತಿಯೊಬ್ಬಳ ಗಿಟಾರಿನ ಮೇಲೆ ಅವಳ ಬೆರಳು ಕುದುರಿತ್ತು.

ನನ್ನ ಅಕ್ಕನವರಿಗೆ ಇದು ಸರಿಬರಲಿಲ್ಲ. "ಏನಪ್ಪಾ, ಮಠದಲ್ಲಿ ಓದಿದವನು ನೀನು. ಸಿನಿಮಾದೋರ ವಾದ್ಯ ತಂದು ವಚನದ ಮುಂದೆ ಕೂರಿಸ್ತೀಯಾ?" ಎಂದರು. ನಾನು ಹಾರ್ಮೋನಿಯಂನ ಕಥೆ ಹೇಳಿದೆ. ಅದಕ್ಕೆ 1842ರಲ್ಲಿ ಪ್ಯಾರಿಸ್ಸಿನ ಡೆಬೇನ್ ಎಂಬಾತ ಹಕ್ಕುಪತ್ರ ಪಡೆದನು. ನಮ್ಮ ಆಕಾಶವಾಣಿಯು 1940ರಲ್ಲಿ ಅದನ್ನು ಪರದೇಶದ ವಾದ್ಯವೆಂದೂ ಗಮಕಕ್ಕೆ ಒಗ್ಗದೆಂದೂ ಹೊರಗಿಟ್ಟಿತು. 1971ರಲ್ಲಿ ಆ ನಿಷೇಧ ಸಡಿಲವಾಯಿತು. ಅಷ್ಟರೊಳಗೆ ನಮ್ಮ ಮಠಗಳ ಭಜನೆಯಲ್ಲಿ ಅದಿಲ್ಲದೆ ಸಂಜೆಯೇ ಆಗುತ್ತಿರಲಿಲ್ಲ. ಅಕ್ಕನವರು ಒಪ್ಪಿದರೆಂದು ಹೇಳಲಾರೆ, ಸುಮ್ಮನಾದರು.

ಅಂಗಡಿಯವನು ಮೊದಲು ತೋರಿಸಿದ್ದು 'ಡ್ರೆಡ್‌ನಾಟ್' ಎಂಬ ದೊಡ್ಡ ಮೈಯ ಗಿಟಾರನ್ನು. ಬ್ರಿಟಿಷರ ಯುದ್ಧನೌಕೆಯೊಂದರ ಹೆಸರು ಅದು. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಈ ಆಕಾರವನ್ನು ರೂಪಿಸಿತು. ಸಭೆಗೆ ನಾದ ಮುಟ್ಟಿಸುವುದೇ ಅಂದಿನ ವಾದ್ಯಗಾರರ ಚಿಂತೆ. ಮೈಸೂರಿನ ಟಿ. ಚೌಡಯ್ಯನವರು ತಮ್ಮ ಪಿಟೀಲಿಗೆ ಏಳು ತಂತಿ ಕಟ್ಟಿದ್ದೂ ಇದೇ ಕಾರಣಕ್ಕಾಗಿ. ಆದರೆ ಧ್ವನಿವರ್ಧಕವಿರುವ ಕಾಲದಲ್ಲಿ ಆ ದೊಡ್ಡ ಹೊಟ್ಟೆ ಏತಕ್ಕೆ? "ತಾತ, ಇದನ್ನ ತಬ್ಬಿಕೊಂಡ್ರೆ ನನ್ನ ಕೈ ತಂತಿಗೆ ನಿಲುಕೋದೇ ಇಲ್ಲ" ಎಂದಳು ಹುಡುಗಿ. ಹದಿನೈದೂವರೆ ಅಂಗುಲ ಅಗಲದ ಅದನ್ನು ಬದಿಗಿಟ್ಟು, ಹದಿಮೂರೂವರೆ ಅಂಗುಲದ ಚಿಕ್ಕದನ್ನು ತೆಗೆಸಿದೆವು. ಅದರ ತಂತಿಯ ಉದ್ದವೂ ಇಪ್ಪತ್ತೈದೂವರೆಗೆ ಬದಲಾಗಿ ಇಪ್ಪತ್ನಾಲ್ಕು ಅಂಗುಲ. ತಂತಿ ಗಿಡ್ಡವಾದಷ್ಟೂ ಬಿಗಿ ಕಡಿಮೆ, ಮೆಟ್ಟಿಲುಗಳು ಹತ್ತಿರ, ಎಳೆಯ ಬೆರಳಿಗೆ ನೋವು ಅಲ್ಪ. ಮಂದ್ರದ ಗುಮ್ಮೆನ್ನುವ ನಾದ ಇದರಲ್ಲಿ ಕಡಿಮೆಯೆಂಬುದು ನಿಜ. ಹಾಡುವವರಿಗೆ ಅದೊಂದು ಅನುಕೂಲವೇ ಹೊರತು ಕೊರತೆಯಲ್ಲ. ವಚನದ ಮಾತು ಸ್ಪಷ್ಟವಾಗಿ ಕೇಳಬೇಕು. ಬಳ್ಳಾರಿ ರಸ್ತೆಯ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಬಹುದೆಂಬುದೂ ಸಣ್ಣ ಮಾತಲ್ಲ.

ಬರೀ ವಿದ್ಯುತ್ ಗಿಟಾರ್ ಬೇಡವೆಂದು ನಾನು ಹಟ ಹಿಡಿದೆ. ನಮ್ಮ ಹಳ್ಳಿಗಳ ಶಾಮಿಯಾನದಲ್ಲಿ ಕರೆಂಟು ಹೋಗುವುದು ಕಾರ್ಯಕ್ರಮದ ಒಂದು ಅಂಗವೇ ಆಗಿದೆ. ಆಗ ವಾದ್ಯಕ್ಕೆ ತನ್ನದೇ ಧ್ವನಿ ಇರಬೇಕು. ಮರದ ಮೈಯೂ ಒಳಗೆ 'ಪಿಕಪ್' ಸಾಧನವೂ ಇರುವುದನ್ನೇ ಕೊಂಡೆವು. ತಂತಿಯನ್ನು ಹೊತ್ತ ಕುದುರೆಯ ಅಡಿಯಲ್ಲಿ ಒಂದು ಪಟ್ಟಿ ಇರುತ್ತದೆ. ಅದುಮಿದರೆ ವಿದ್ಯುತ್ ಹುಟ್ಟಿಸುವ ಹರಳಿನ ಗುಣವನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರಷ್ಟೆ, ಈ ಪಟ್ಟಿಯ ಮೂಲ ಅದೇ. ದೊಡ್ಡ ಹೊಟ್ಟೆಯ ಗಿಟಾರ್ ಸ್ಪೀಕರಿನ ಸದ್ದನ್ನು ತಾನೇ ನುಂಗಿ ಮತ್ತೆ ಕೂಗತೊಡಗುತ್ತದೆ. ಚಿಕ್ಕದರಲ್ಲಿ ಈ ಕಾಟ ಕಡಿಮೆ. ಒಂಬತ್ತು ವೋಲ್ಟಿನ ಬ್ಯಾಟರಿ ಬೇಕು. ಕೇಬಲ್ಲನ್ನು ಕೀಳದೆ ಬಿಟ್ಟರೆ ಅದು ರಾತ್ರಿಯೆಲ್ಲ ವ್ಯಯವಾಗುತ್ತದೆ.

ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಶ್ರುತಿಯ ವಿಚಾರ. ಪಾಶ್ಚಾತ್ಯರ ಸ್ವರಮೇಳವನ್ನು ವಚನದ ಹಿಂದೆ ಬಾರಿಸಿದರೆ ರಾಗದ ಮುಖ ಕೆಡುತ್ತದೆಂಬ ಅಳುಕು ನನಗಿತ್ತು. ಗಿಟಾರಿನ ಆರು ತಂತಿಗಳಲ್ಲಿ ಮೂರನ್ನು ಸ್ವಲ್ಪ ಇಳಿಸಿದರೆ ಪಂಚಮ, ಷಡ್ಜ, ಪಂಚಮ, ಷಡ್ಜ, ಗಾಂಧಾರ, ಪಂಚಮ ಎಂದು ಬರುತ್ತದೆ. ಗಾಂಧಾರದ ಒಂದು ತಂತಿಯನ್ನು ಮುಟ್ಟದಿದ್ದರೆ ಉಳಿದದ್ದು ತಂಬೂರಿಯೇ! ಇದು ಬಿಳಿ ಐದರ ಶ್ರುತಿ. 'ಕೇಪೋ' ಎಂಬ ಹಿಡಿಕೆಯನ್ನು ಮೊದಲ ಮನೆಗೆ ಹಾಕಿದರೆ ಕಪ್ಪು ನಾಲ್ಕು, ಮೂರನೆಯ ಮನೆಗೆ ಹಾಕಿದರೆ ಕಪ್ಪು ಐದು. ಅವಳ ಕೊರಳಿಗೆ ಬೇಕಾದದ್ದು ಕಪ್ಪು ನಾಲ್ಕು. ತಂಬೂರಿಯ ಜವಾರಿ ಇದರಲ್ಲಿಲ್ಲ ಎಂಬುದನ್ನು ಮಾತ್ರ ಒಪ್ಪಲೇಬೇಕು. ನಾನು ಮಠದಲ್ಲಿದ್ದಾಗ ತಂಬೂರಿಯ ಕುದುರೆಗೆ ಜೀವ ಕೂಡಿಸಲು ಮೊಳಕಾಲ್ಮೂರಿನ ನೇಕಾರರಿಂದ ರೇಷ್ಮೆಯ ಎಳೆಯನ್ನು ಬೇಡಿ ತರುತ್ತಿದ್ದೆ. ಸೀರೆಗೆ ಹೆಸರಾದ ಆ ಎಳೆ ಕುದುರೆಯ ಮೇಲೆ ಒಂದು ಕೂದಲಿನಷ್ಟು ಸರಿದರೂ ನಾದ ಅರಳುತ್ತಿತ್ತು. ಗಿಟಾರಿನಲ್ಲಿ ಅಂಥ ಸೂಕ್ಷ್ಮವನ್ನು ನಿರೀಕ್ಷಿಸುವುದು ಸಲ್ಲದು. ಹಾಡುವವಳು ಅದನ್ನು ಕೊರಳಿನಲ್ಲಿ ತರಬೇಕು.

ಕೊನೆಯದಾಗಿ ಮರದ ಮಾತು. ಮುಖದ ಹಲಗೆ ಅಖಂಡ ಮರದ್ದಾದರೆ ನಾದ ಇಂಪು, ಬೆಲೆಯೂ ಹೆಚ್ಚು. ಆದರೆ ನಮ್ಮದು ಮಳೆ ಕಾಣದ ಸೀಮೆ. ಚೈತ್ರ ವೈಶಾಖದ ಒಣಗಾಳಿಗೆ ಬಾಗಿಲ ಹಲಗೆಯೇ ಬಿರಿಯುವ ಊರಿನಲ್ಲಿ ಅಖಂಡ ಹಲಗೆ ಸೀಳುವ ಭಯವಿದೆ. ಪದರ ಪದರವಾಗಿ ಅಂಟಿಸಿದ ಹಲಗೆಯದನ್ನೇ ಆರಿಸಿದೆ. ನನ್ನ ಅಳಿಯ ಎಣ್ಣೆ ಗಿರಣಿಯಲ್ಲಿ ಲೆಕ್ಕ ಬರೆಯುವವನು; ಎರಡನೆಯ ಸಲ ಕೊಳ್ಳುವ ಶಕ್ತಿ ಆ ಮನೆಗಿಲ್ಲ. ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿಯೇ ಇಡುತ್ತಾರೆ. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜನ್ನು ಹಾಕಿ ಬೇಸಿಗೆಯಲ್ಲಿ ಆ ಪೆಟ್ಟಿಗೆಯೊಳಗಿರಿಸುತ್ತಾರೆ. ಎರಡು ದಿನಕ್ಕೊಮ್ಮೆ ಅದನ್ನು ನೋಡಿ ಮತ್ತೆ ತೇವ ಮಾಡುತ್ತಾರೆ.