ತಿಳಿಯಾದ ನೀರು, ಮುಗಿಯದ ಪರೀಕ್ಷೆ

ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಸೋಡಾದ ಘಾಟು, ಒದ್ದೆ ಹತ್ತಿಯ ಮುಗ್ಗಲು ವಾಸನೆ ಮೂಗಿಗೆ ಅಡರುತ್ತದೆ. ಚಿಕ್ಕೋಡಿ ಸೀಮೆಯ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬ್. ಬೇಸಿಗೆಯ ಮಧ್ಯಾಹ್ನ, ಗಾಗಲ್ಸ್ ಒಳಗೆ ಬೆವರು. ನಿಮ್ಮ ಮುಂದೆ ಬೀಕರ್ ತುಂಬ ಕಡುಗೆಂಪು ನೀರು, ನೂಲಿಗೆ ಹತ್ತದೆ ಉಳಿದ ಬಣ್ಣ. ಗಡಿಯಾಚೆ ಇಚಲಕರಂಜಿಯಲ್ಲಿ ಇಂಥದ್ದು ಪಂಚಗಂಗೆಗೆ ಬಿದ್ದರೆ, ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡಿ ಯಡೂರಿನ ದಂಡೆಗೇ ಬರುತ್ತದೆ.

ಮೊದಲು ಆ್ಯಸಿಡ್. ಇಷ್ಟು ಕ್ಷಾರದಲ್ಲಿ, ಬಣ್ಣ ಒಡೆಯಲೆಂದು ಆಮೇಲೆ ಹಾಕುವ ಹೈಡ್ರೋಜನ್ ಪೆರಾಕ್ಸೈಡ್ ಬಣ್ಣವನ್ನು ಮುಟ್ಟದೆ ಬಹುಪಾಲು ವ್ಯರ್ಥವಾಗುತ್ತದೆ. ಒಂದು ಹನಿ. ಇನ್ನೊಂದು. ಅವಸರ ಮಾಡುತ್ತೀರಿ, ಬೀಕರ್ ಬುಸುಗುಡುತ್ತದೆ. ಕೆಂಪು ನೊರೆ ಏರುತ್ತಿದೆ. ಅಂಚಿಗೆ ಬಂತು. ಕೈ ತಡೆಯಿರಿ! ಉಸಿರೂ ನಿಂತಿದೆ. ನೊರೆ ಇಳಿಯುತ್ತದೆ.

ಈಗ ಕ್ರಿಯಾವರ್ಧಕ: ಕಿತ್ತಳೆ ಛಾಯೆಯ ಪುಡಿ, ಮಿಲ್-100. ಕಬ್ಬಿಣದ ಅಯಾನುಗಳನ್ನು ಟ್ರೈಮೆಸಿಕ್ ಆಮ್ಲದ ಕೊಂಡಿಗಳು ಹಿಡಿದು ಕಟ್ಟಿದ ಕೋಆರ್ಡಿನೇಶನ್ ಪಾಲಿಮರ್. ಒಳಗೆಲ್ಲ ಜೇನುಗೂಡಿನಂತೆ ರಂಧ್ರ. ಈ ಬಗೆಯ ಜಾಲಗಳಿಗೇ ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ದೀಪ ಹಾಕಲು ಕೈ ತವಕಿಸುತ್ತದೆ. ಬೇಡ. ಅರ್ಧ ಗಂಟೆ ಕತ್ತಲಲ್ಲೇ ಕಲಕಲಿ. ಪುಡಿ ಬಣ್ಣವನ್ನು ರಂಧ್ರಗಳಲ್ಲಿ ಬಚ್ಚಿಟ್ಟುಕೊಂಡರೂ ನೀರು ತಿಳಿಯಾಗುತ್ತದೆ. ಬಚ್ಚಿಟ್ಟದ್ದು ಬೇರೆ, ಒಡೆದದ್ದು ಬೇರೆ.

ಪೆರಾಕ್ಸೈಡ್ ಎಷ್ಟು? ಕಡಿಮೆಯಾದರೆ ಕೆಲಸ ಸಾಗದು. ಹೆಚ್ಚಾದರೆ, ಪುಡಿಯ ಕಬ್ಬಿಣವೂ ಬೆಳಕೂ ಸೇರಿ ಅದರಿಂದ ಹುಟ್ಟಿಸುವ, ಬಣ್ಣ ಒಡೆಯುವ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳನ್ನು ಅದೇ ನುಂಗುತ್ತದೆ. ಹರಿದ ಕೈಗವಸಿನೊಳಗೆ ಒಂದು ಹನಿ ಜಾರುತ್ತದೆ. ಬೆರಳಿನ ತುದಿ ಬೆಳ್ಳಗಾಗಿ ಚುರುಗುಟ್ಟುತ್ತದೆ. ನಲ್ಲಿಗೆ ಓಡಿ ತೊಳೆಯುತ್ತೀರಿ, ಹೊಸ ಕೈಗವಸು ಹಾಕಿಕೊಳ್ಳುತ್ತೀರಿ.

ದೀಪ. ಹತ್ತು ನಿಮಿಷ. ಸಿರಿಂಜ್, ಸೆಂಟ್ರಿಫ್ಯೂಜ್, ಸ್ಪೆಕ್ಟ್ರೋಮೀಟರ್. ಗ್ರಾಫಿನ ಶಿಖರ ಕುಗ್ಗಿದೆ. ಇಪ್ಪತ್ತು ನಿಮಿಷ. ಇನ್ನಷ್ಟು. ಅಣುವಿಗೆ ಬಣ್ಣ ಕೊಟ್ಟ ಆಜೋ ಬಂಧ, ಎರಡು ನೈಟ್ರೋಜನ್‌ಗಳ ಆ ಬೆಸುಗೆ, ರ್‍ಯಾಡಿಕಲ್‌ಗಳ ಹೊಡೆತಕ್ಕೆ ಮುರಿಯುತ್ತಿದೆ. ಕೆಂಪು ಗುಲಾಬಿಯಾಗುತ್ತದೆ, ಗುಲಾಬಿ ಮಾಸುತ್ತದೆ, ಬೀಕರಿನ ಆಚೆಯ ಕಿಟಕಿ ಕಾಣುತ್ತದೆ.

“ಬಣ್ಣ ಹೋತ್ ನೋಡ್ರಿ! ಇನ್ನ ಹೊಳಿಗೆ ಬಿಡಾಕ ಅಡ್ಡಿಲ್ಲಲ್ರೀ?” ಅಟೆಂಡರ್ ಕೇಳುತ್ತಾನೆ.

ಹೌದೆಂಬ ಮಾತು ನಾಲಗೆಯ ತುದಿಗೆ ಬಂದಿದೆ. ಆದರೆ ಮುರಿದ ತುಂಡುಗಳಲ್ಲಿ ಕಣ್ಣಿಗೆ ಕಾಣದ ಆರೊಮ್ಯಾಟಿಕ್ ಅಮೈನ್‌ಗಳು ಉಳಿದಿರಬಹುದು. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಜಾಲದಿಂದ ಕಬ್ಬಿಣ ಕರಗಿರಬಹುದು. ಬಣ್ಣ ಹಾಕುವಾಗ ಸುರಿದ ಉಪ್ಪಂತೂ ಹಾಗೇ ಇದೆ. ನೀರು ಕೆಂಪಾಗಿದ್ದರೆ ರೈತ ದನದ ಹಗ್ಗ ಹಿಡಿದು ಹಿಂದಕ್ಕೆ ಜಗ್ಗುತ್ತಾನೆ. ತಿಳಿಯಾಗಿದ್ದರೆ ತಾನೇ ಬೊಗಸೆಯೊಡ್ಡುತ್ತಾನೆ.

“ಈಗ ಬ್ಯಾಡಪಾ, ಇನ್ನೂ ನೋಡೂದೈತಿ,” ಎನ್ನುತ್ತೀರಿ. ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) ಪರೀಕ್ಷೆಗೆ ಒಂದು ಬಾಟಲಿ, ಕಬ್ಬಿಣದ ಅಳತೆಗೆ ಇನ್ನೊಂದು ತುಂಬುತ್ತೀರಿ. ಪುಡಿಯನ್ನು ತೊಳೆದು ಒಣಗಿಸಿ ಮತ್ತೆ ಇದೇ ಕ್ಯಾನಿನ ನೀರಿಗೆ ಹಾಕಬೇಕು. ಒಂದೇ ಸಲಕ್ಕೆ ಸೋಲುವ ಕ್ರಿಯಾವರ್ಧಕದಿಂದ ಕಾರ್ಖಾನೆಗೂ ಹೊಳೆಗೂ ಪ್ರಯೋಜನವಿಲ್ಲ.